ಕೂತು ಉಣ್ಣಲು ಕಲಿತವರು

ಇದನ್ನು ಬರೆಯಲು ಕೂತು ಅರ್ಧ ಗಂಟೆಯೂ ಆಗಿಲ್ಲ, ಆಗಲೇ ಮೂರು ಸಲ ಎದ್ದಿದ್ದೇನೆ. ಒಮ್ಮೆ ನೀರು ಕುಡಿಯಲು, ಒಮ್ಮೆ ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಲು, ಇನ್ನೊಮ್ಮೆ ಯಾಕೆಂದು ನನಗೇ ಗೊತ್ತಿಲ್ಲ.

ಪಲ್ಲಡಂನಲ್ಲಿ ನನಗೆ ಬಾಡಿಗೆಗೆ ರೂಮು ಕೊಟ್ಟಿದ್ದ ಅಕ್ಕ ತೀರಿಕೊಂಡು ಮೂರು ವಾರವಾಯಿತು. ಅವತ್ತು ಬೆಳಿಗ್ಗೆ ಕೊಯಮತ್ತೂರಿನ ಸಿಂಗಾನಲ್ಲೂರು ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಅವರ ಗಂಡನಿಂದ ಫೋನ್ ಬಂತು. ಆ ಮನುಷ್ಯ ನನಗೆ ಫೋನ್ ಮಾಡಿದ್ದು ಅದೇ ಮೊದಲು.

"ಅವಳು ಹೋಗ್ಬಿಟ್ಟಳು ಕಣ್ಣು," ಎಂದರು. ಆ ಕಡೆ ಚಿಕ್ಕವರನ್ನು ಅಕ್ಕರೆಯಿಂದ ಹಾಗೆ ಕರೆಯುತ್ತಾರೆ. "ಎದೆ ಹಿಡೀತದೆ ಅಂದಳು. ಆಟೋ ಬರೋ ಮುಂಚೇನೇ ಮುಗಿದೋಯ್ತು." ಆಮೇಲೆ, "ಕಾಲು ಚೆನ್ನಾಗೇ ಇತ್ತು. ಕಾಲಿಂದ ಏನೂ ಆಗ್ಲಿಲ್ಲೆ," ಎಂದರು.

ನನ್ನ ಬಸ್ಸು ಬಂದು ಹೋಯಿತು. ಕಾಲಿನ ಮಾತು ಆ ಹೊತ್ತಿನಲ್ಲಿ ಅವರಿಗೆ ಯಾಕೆ ಅಷ್ಟು ಮುಖ್ಯವಾಯಿತು ಎನ್ನುವುದು ನನಗೆ ಗೊತ್ತಿತ್ತು. ಅಕ್ಕ ತಮ್ಮ ಕೊನೆಯ ಐದು ವರ್ಷ ಆ ಕಾಲಿಗಾಗಿಯೇ ಬದುಕಿದ್ದರು ಎಂದರೂ ತಪ್ಪಾಗದು.

ನಾನು ತಿಪಟೂರಿನವಳು. ಏಳು ವರ್ಷದ ಹಿಂದೆ ತಿರುಪ್ಪೂರಿನ ಒಂದು ಗಾರ್ಮೆಂಟ್ಸ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಹೊರದೇಶದ ಗಿರಾಕಿಗಳಿಗೂ ನಮ್ಮ ಹೊಲಿಗೆ ವಿಭಾಗಕ್ಕೂ ನಡುವೆ ಓಡಾಡುವ ಕೆಲಸ. ಬಣ್ಣ ತಪ್ಪಿದರೂ, ಗುಂಡಿ ತಪ್ಪಿದರೂ, ಹಡಗು ತಪ್ಪಿದರೂ ಬೈಗುಳ ಬರುತ್ತಿದ್ದದ್ದು ನನ್ನ ಫೋನಿಗೆ. ಬಾಡಿಗೆ ಕಡಿಮೆಯೆಂದು ಹತ್ತಿರದ ಪಲ್ಲಡಂನಲ್ಲಿ ಮನೆ ಹುಡುಕುತ್ತಿದ್ದೆ. ಒಂದು ಓಣಿಯಲ್ಲಿ ಹೆಂಗಸೊಬ್ಬರು ಕೋಳಿಯನ್ನು ಓಡಿಸುತ್ತಾ, "ಹೋಗತ್ಲಾಗೆ, ನಿನ್ ಮೂತಿಗಿಷ್ಟು!" ಎಂದದ್ದು ಕೇಳಿ ಅಲ್ಲೇ ನಿಂತೆ.

"ನೀವು ಕನ್ನಡದವರಾ?"

"ಮನೇಲಿ ಕನ್ನಡ, ಬೀದೀಲಿ ತಮಿಳು," ಎಂದರು ಅವರು. "ಯಾವ ತಾತನ ಕಾಲದಲ್ಲಿ ಬಂದ್ವೋ ಯಾರಿಗೂ ತಿಳೀದು. ಬರೆಯೋಕೆ ಓದೋಕೆ ಮಾತ್ರ ಬರದು. ಮೇಲೆ ಒಂದು ರೂಮಿದೆ. ಸದ್ದು ತಡ್ಕೊಂಡ್ರೆ ಬಾ."

ಸದ್ದೆಂದರೆ ಮಗ್ಗಗಳ ಸದ್ದು. ಅವರು ಅದನ್ನು ತಮಿಳಿನ ಹಾಗೆ ತರಿ ಎನ್ನುತ್ತಿದ್ದರು. ಅಡುಗೆಮನೆಗೆ ಅಂಟಿಕೊಂಡಿದ್ದ ಶೆಡ್ಡಿನಲ್ಲಿ ಆರು ಪವರ್‌ಲೂಮ್ ಓಡುತ್ತಿದ್ದವು. ಗಂಡ ಹೆಂಡತಿ ಇಬ್ಬರೇ ನಡೆಸುತ್ತಿದ್ದರು. ಮಕ್ಕಳಿರಲಿಲ್ಲ. ಅಕ್ಕ ವಯಸ್ಸಿನಲ್ಲಿ ನನ್ನ ಅಮ್ಮನಿಗೆ ಹತ್ತಿರ, ಆದರೆ ಮೊದಲ ದಿನವೇ "ಅಕ್ಕ ಅನ್ನು, ಸಾಕು" ಎಂದುಬಿಟ್ಟರು. ತೆಳ್ಳಗೆ, ಕಪ್ಪಗೆ, ಯಾವಾಗಲೂ ಎಲ್ಲಿಗೋ ಹೊರಟವರ ಹಾಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ತಲೆಯಲ್ಲಿ ಹತ್ತಿಯ ನವಿರು ಧೂಳು.

ಅವರು ಕೂತು ಉಣ್ಣುತ್ತಿರಲಿಲ್ಲ. ಎಡಗೈಯಲ್ಲಿ ತಟ್ಟೆ, ಭುಜ ಅಡುಗೆಮನೆಯ ಬಾಗಿಲಿಗೆ, ಮುಖ ಶೆಡ್ಡಿನ ಕಡೆ. ನನಗೆ ಆರು ಮಗ್ಗವೂ ಸೇರಿ ಒಂದೇ ಗದ್ದಲ, ಅವರಿಗೆ ಆರು ಬೇರೆ ಬೇರೆ ದನಿ. ಅಡ್ಡ ಹಾಯುವ ಹೊಕ್ಕಿನ ನೂಲು ತುಂಡಾದರೆ ಮಗ್ಗ ತಾನಾಗಿ ನಿಲ್ಲುತ್ತದೆ. ಆರರಲ್ಲಿ ಒಂದು ದನಿ ನಿಂತಿತೋ, ಬಾಯಲ್ಲಿದ್ದದ್ದನ್ನು ಹಾಗೇ ನುಂಗಿ, ತಟ್ಟೆಯನ್ನು ನೂಲಿನ ಮೂಟೆಯ ಮೇಲಿಟ್ಟು ಓಡುತ್ತಿದ್ದರು. ತಿರುಗಿ ಬಂದಾಗ ಅನ್ನ ಆರಿರುತ್ತಿತ್ತು. ಅದನ್ನೇ ನಾಲ್ಕು ತುತ್ತಿಗೆ ಮುಗಿಸಿ, ಮೇಲೊಂದು ಲೋಟ ಸಿಹಿ ಟೀ. ದಿನಕ್ಕೆ ಅಂಥ ಏಳೆಂಟು ಟೀ, ಜೊತೆಗೆ ಬೇಕರಿಯ ವರ್ಕಿ ಬಿಸ್ಕತ್ತು.

ಒಂದು ಯುಗಾದಿಗೆ ನನ್ನನ್ನು ಊಟಕ್ಕೆ ಕರೆದಿದ್ದರು. ಹಬ್ಬವೆಂದು ಮಗ್ಗಗಳು ನಿಂತಿದ್ದವು. ಎಲೆಯ ಮುಂದೆ ಕೂತ ಅಕ್ಕ ಎರಡು ಸಲ ಎದ್ದು ಶೆಡ್ಡಿಗೆ ಹೋಗಿ ಬಂದರು.

"ಏನೋ ನಿಂತೋದ ಮಾದಿರಿ ಇದೆ," ಎಂದರು.

"ಎಲ್ಲವೂ ನಿಂತಿದೆ ಅಕ್ಕ, ಹಬ್ಬ!" ಎಂದೆ. ನಾವಿಬ್ಬರೂ ನಕ್ಕೆವು.

ಅವರಿಗೆ ಸಕ್ಕರೆ ಕಾಯಿಲೆಯಿದ್ದದ್ದು ಬಹಳ ವರ್ಷದಿಂದ ಗೊತ್ತಿತ್ತು. ನೆನಪಾದಾಗ ಮಾತ್ರೆ ನುಂಗುತ್ತಿದ್ದರು, ಅಷ್ಟೇ. ನಾನು ಬಂದ ಎರಡನೇ ವರ್ಷ, ಒಂದು ಭಾನುವಾರ, ಬಟ್ಟೆ ಒಣಹಾಕಲು ಮಹಡಿಗೆ ಬಂದರು. ನಾನು ಬಾಗಿಲಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದೆ. ಅವರು ಹತ್ತಿ ಬಂದ ಮೆಟ್ಟಿಲುಗಳ ಮೇಲೆಲ್ಲ, ಒಂದು ಬಿಟ್ಟು ಒಂದಕ್ಕೆ, ಕೆಂಪು ಗುರುತು.

"ಅಕ್ಕ, ರಕ್ತ!"

ಅವರು ತಿರುಗಿ ನೋಡಿದರು. "ಅಯ್ಯೋ, ಯಾರಿಗೆ ಪೆಟ್ಟಾಯ್ತು?" ಎಂದರು.

ಬಲಗಾಲಿನ ಹೆಬ್ಬೆರಳ ಪಕ್ಕದ ಬೆರಳಿನ ಕೆಳಗೆ ಕಬ್ಬಿಣದ ಚೂರೊಂದು ಕೂತಿತ್ತು. ಯಾವತ್ತು ಚುಚ್ಚಿತ್ತೋ, ಸುತ್ತ ಆಗಲೇ ಕೀವಾಗಿತ್ತು. ನಾನು ಕಿತ್ತಾಗಲೂ ಅವರ ಮುಖದಲ್ಲಿ ಏನೂ ಇರಲಿಲ್ಲ. "ನೋವೇ ಇಲ್ಲೆ ಕಣ್ಣು," ಎಂದು ಆಶ್ಚರ್ಯದಿಂದ ಹೇಳಿದರು. ಅವರ ಆ ದನಿ ನೆನೆದರೆ ಈಗಲೂ ನನಗೆ ಭಯವಾಗುತ್ತದೆ.

ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಆ ಬೆರಳನ್ನು ತೆಗೆದರು. ಕಟ್ಟು ಬಿಚ್ಚಿಸುವ ದಿನ ಜೊತೆಗೆ ಹೋದವಳು ನಾನು. ವೈದ್ಯೆ ನನಗಿಂತ ಚಿಕ್ಕವರಿರಬೇಕು. ತಮಿಳಿನಲ್ಲಿ ಮೆಲ್ಲಗೆ ಒಂದೊಂದೇ ಕೇಳಿದರು. ಎಷ್ಟು ಹೊತ್ತಿಗೆ ಏಳುತ್ತೀರಿ, ಎಷ್ಟು ಟೀ, ಕಾಲಿಗೆ ಚಪ್ಪಲಿ ಹಾಕುತ್ತೀರಾ. ಆಮೇಲೆ, "ಕೊನೆಗೆ ಕೂತು, ನಿಧಾನವಾಗಿ ಊಟ ಮಾಡಿದ್ದು ಯಾವಾಗ?" ಎಂದರು.

ಅಕ್ಕ ತುಂಬ ಹೊತ್ತು ಯೋಚಿಸಿದರು. "ತಂಗಿ ಮದುವೇಲಿ," ಎಂದರು. ಆ ತಂಗಿಯ ಮಗ ಆಗ ಕಾಲೇಜಿಗೆ ಹೋಗುತ್ತಿದ್ದ.

ವೈದ್ಯೆ ನಗಲಿಲ್ಲ. "ಮಾತ್ರೆ ನಾನು ಕೊಡುತ್ತೇನಮ್ಮ. ನಿಮ್ಮ ದಿನವನ್ನು ನೀವೇ ಬದಲಾಯಿಸಿಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ಸಲ ಬರೀ ಬೆರಳಿಗೆ ಮುಗಿಯುವುದಿಲ್ಲ."

ಬಸ್ಸು ಸೂಲೂರು ದಾಟಿದ ಮೇಲೆ ಅಕ್ಕ ನನ್ನ ಕಡೆ ತಿರುಗಿ, "ದಿನಾನ ಹೆಂಗೆ ಬದಲಾಯಿಸೋದು? ಅದೇನು ಸೀರೆನಾ?" ಎಂದರು.

ಆದರೆ ಬದಲಾಯಿಸಲು ಕೂತರು. ಕೂತರು ಅಂದೆನಲ್ಲ, ಅದೇ ಕಷ್ಟದ್ದು. ಮಿಕ್ಕದ್ದೆಲ್ಲ ಹೇಗೋ ಆಯಿತು. ಮಗ್ಗದ ಮುಂದೆ ಚಪ್ಪಲಿ ಮೆಟ್ಟುವುದು ಅವರ ಕುಲದಲ್ಲಿ ಆಗದ ಮಾತು. ಶೆಡ್ಡಿಗೆಂದೇ ಬೇರೆ ಜೊತೆ ಕೊಂಡು, ಮೊದಲ ದಿನ ಮಗ್ಗಕ್ಕೆ ಕೈಮುಗಿದು, "ಕೋಪ ಮಾಡ್ಕೋಬ್ಯಾಡ, ಡಾಕ್ಟರಮ್ಮ ಹೇಳಿದ್ದು," ಎಂದು ಒಳಗೆ ಕಾಲಿಟ್ಟರು. ಟೀ ಎರಡಕ್ಕೆ ಇಳಿಯಿತು. ಆ ವಾರ ಮನೆಯಲ್ಲಿ ಯಾರೂ ಅವರೆದುರು ನಿಲ್ಲುವ ಹಾಗಿರಲಿಲ್ಲ, ಕೋಳಿಗಳೂ ಸೇರಿದಂತೆ. ಅನ್ನ ಕಡಿಮೆಯಾಗಿ ಹುರುಳಿ, ಸೊಪ್ಪು, ಸಜ್ಜೆಯ ಗಂಜಿ ಬಂತು. ಸಂಜೆ ಬಸ್ ನಿಲ್ದಾಣದವರೆಗೂ ನಡೆದು ಬರುತ್ತಿದ್ದರು. ನಾನು ತಿರುಪ್ಪೂರಿನ ಬಸ್ಸಿಳಿದರೆ ಒಟ್ಟಿಗೇ ಮನೆಗೆ.

"ಅಭ್ಯಾಸ ಅನ್ನೋದು ನೂಲು ಮಾದಿರಿ ಕಣ್ಣು," ಎಂದರು ಒಂದು ಸಂಜೆ. "ಜೋರಾಗಿ ಎಳೆದ್ರೆ ತುಂಡಾಗ್ತದೆ. ಎಳೀದೇ ಬಿಟ್ರೆ ಸಿಕ್ಕಾಗ್ತದೆ."

ಕೂರುವುದು ಮಾತ್ರ ಬರಲಿಲ್ಲ. ಭಾನುವಾರ ನನ್ನನ್ನು ಎದುರಿಗೆ ಕೂರಿಸಿಕೊಂಡರು, ಕಾವಲಿಗೆ. ಮಣೆ ಹಾಕಿ, ತಟ್ಟೆ ಇಟ್ಟು, ಮೂರು ತುತ್ತು ಉಂಡಿರಬಹುದು. ಒಳಗೆ ಒಂದು ದನಿ ನಿಂತಿತು. ಅಕ್ಕ ಮಣೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಅವರು ನೋಡ್ಕೋತಾರೆ, ಅಲ್ವಾ? ನೋಡ್ಕೋತಾರೆ," ಎಂದು ತಮಗೇ ಹೇಳಿಕೊಂಡರು. ಮರುಗಳಿಗೆ ಮಣೆ ಖಾಲಿ.

"ನನ್ನ ಕಾಲು ನನ್ನ ಮಾತು ಕೇಳ್ದು," ಎಂದರು ತಿರುಗಿ ಬಂದು. ಕಣ್ಣಲ್ಲಿ ನೀರಿತ್ತು.

ಎರಡು ವಾರ ಹೀಗೇ ನಡೆಯಿತು. ಮೂರನೆಯ ಭಾನುವಾರ ಅಕ್ಕ ಅನ್ನ ಬಡಿಸಿಟ್ಟು, ನೇರ ಶೆಡ್ಡಿಗೆ ಹೋಗಿ, ಗೋಡೆಯ ಮೇಲಿನ ಮೇನ್ ಸ್ವಿಚ್ಚನ್ನು ಕೆಳಗೆಳೆದರು. ಆರೂ ಮಗ್ಗ ನಿಂತವು. ಓಣಿಯಲ್ಲಿ ಯಾರದೋ ಮನೆಯ ಟಿವಿ ಸದ್ದು ನಮಗೆ ಕೇಳಿಸಿತು.

"ಕರೆಂಟ್ ಹೋಯ್ತಾ?" ಅಣ್ಣ ಕೇಳಿದರು. ಅಕ್ಕನ ಗಂಡನನ್ನು ನಾನು ಅಣ್ಣ ಎನ್ನುತ್ತಿದ್ದೆ.

"ನಾನು ಆರಿಸ್ದೆ. ಉಣ್ಣೋ ತಂಕ ನಿಂತಿರ್ಲಿ."

"ತಲೆ ಕೆಟ್ಟಿದ್ಯಾ? ಶನಿವಾರಕ್ಕೆ ಬಟ್ಟೆ ಕೊಡ್ಬೇಕು." ಅಣ್ಣ ಸ್ವಿಚ್ ಹಾಕಿದರು. ಅಕ್ಕ ಮತ್ತೆ ಆರಿಸಿದರು. ಅಣ್ಣ ಮತ್ತೆ ಹಾಕಿದರು. ಅಕ್ಕ ಮತ್ತೆ ಆರಿಸಿ, ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಪಕ್ಕದ ಮನೆಯವರು ಬಾಗಿಲಿಗೆ ಬಂದರು.

"ಊರಲ್ಲಿ ಯಾರೂ ಉಣ್ಣೋದಿಲ್ವಾ? ಎಲ್ಲಾ ತರಿ ನಿಲ್ಲಿಸ್ಕೊಂಡು ಉಣ್ತಾರಾ?" ಎಂದರು ಅಣ್ಣ.

"ಊರಿನ ಕಾಲಿನ ಮಾತು ನಂಗೆ ಬ್ಯಾಡ. ನೋಡ್ರಿ, ಒಂದು ಬೆರಳು ಹೋಯ್ತು. ಪಾದ ಹೋದ್ರೆ ಈ ಆರು ತರಿ ಮುಂದೆ ಯಾರು ನಿಲ್ತಾರೆ? ನೀವೊಬ್ರೇನಾ? ಇಪ್ಪತ್ತು ನಿಮಿಷ ಕೇಳ್ತಿದೀನಿ. ಒಡವೆ ಕೇಳ್ದೆನಾ ಯಾವತ್ತಾದ್ರೂ?"

ಅಣ್ಣ ಹೆಗಲ ಮೇಲಿನ ಟವೆಲನ್ನು ಕೊಡವಿ, ಓಣಿಯ ತುದಿಯ ಟೀ ಅಂಗಡಿಗೆ ಹೋಗಿಬಿಟ್ಟರು.

ಗೆದ್ದ ಅಕ್ಕ ಬಂದು ಮಣೆಯ ಮೇಲೆ ಕೂತರು. ನಾನಂದುಕೊಂಡೆ, ಇನ್ನು ನೆಮ್ಮದಿಯಾಗಿ ಉಣ್ಣುತ್ತಾರೆ. ಅವರು ಉಣ್ಣಲಿಲ್ಲ. ಕಲಸಿದ ಅನ್ನದಲ್ಲಿ ಕೈ ಹಾಗೇ ಇತ್ತು, ಮೊಣಕಾಲು ನಡುಗುತ್ತಿತ್ತು. ಮೂವತ್ತೈದು ವರ್ಷ ಆ ದೇಹಕ್ಕೆ ಸದ್ದು ನಿಂತಿತೆಂದರೆ ಒಂದೇ ಅರ್ಥ: ಎಲ್ಲೋ ಏನೋ ತುಂಡಾಗಿದೆ, ಓಡು. ಈಗ ಆರೂ ನಿಂತಿದ್ದವು.

"ಇದು ಅದಕ್ಕಿಂತ ಕಷ್ಟ ಕಣ್ಣು," ಎಂದು ತಟ್ಟೆ ಸರಿಸಿ ಅತ್ತರು. "ಕೆಟ್ಟಿರೋದು ತರೀಲಿ ಅಲ್ಲ. ನನ್ನೊಳಗೆ."

ಮರುದಿನವೂ ಅವರು ಸ್ವಿಚ್ ಆರಿಸಿದರು. ಅದರ ಮರುದಿನವೂ. ಅಣ್ಣ ಜಗಳವಾಡುವುದನ್ನು ಬಿಟ್ಟರು, ಆದರೆ ಮಗ್ಗ ನಿಂತ ಕೂಡಲೇ ಎದ್ದು ಟೀ ಅಂಗಡಿಗೆ ಹೋಗುವುದನ್ನು ಬಿಡಲಿಲ್ಲ. ಅಕ್ಕನಿಗೆ ದಾರಿ ಸಿಕ್ಕಿದ್ದು ಕಾಲಿನಿಂದಲೇ. ದಿನಾ ಪಾದ ತೊಳೆದು, ಬೆರಳ ಸಂದು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಬೇಕೆಂದು ವೈದ್ಯೆ ಹೇಳಿದ್ದರು. ಅಕ್ಕ ಅದನ್ನು ಊಟಕ್ಕೆ ಮುಂಚೆ ಇಟ್ಟುಕೊಂಡರು. ಮೆತ್ತನೆ ಬಟ್ಟೆಯಲ್ಲಿ ಒಂದೊಂದೇ ಬೆರಳನ್ನು ಹಿಡಿದು, "ಏನಪ್ಪಾ, ಸುಖವಾ? ನೀನೇನಮ್ಮ, ಸುಮ್ನಿದೀಯಲ್ಲ?" ಎಂದು ಮಾತಾಡಿಸುತ್ತಿದ್ದರು. ಒಂಬತ್ತನ್ನೂ ಮಾತಾಡಿಸಿ ಮುಗಿಸುವ ಹೊತ್ತಿಗೆ ಅವರ ಉಸಿರು ತಗ್ಗಿರುತ್ತಿತ್ತು. ಆಮೇಲೆ ಕೈ ತೊಳೆದು ತಟ್ಟೆಗೆ ಬರುತ್ತಿದ್ದರು. ಐದು ತುತ್ತು, ಹತ್ತು ತುತ್ತು, ಅರ್ಧ ಊಟ. ಇಡೀ ಊಟ ಕೂತು ಮುಗಿಸಲು ಐದು ತಿಂಗಳು ಹಿಡಿಯಿತು. ಅವತ್ತು ಅವರು ಹೇಳಿದ್ದು: "ಹುರುಳಿ ಸಾರಿಗೆ ಇಷ್ಟು ರುಚಿ ಇದ್ಯಾ? ಇಷ್ಟು ದಿನ ಯಾರೂ ಹೇಳ್ಲೇ ಇಲ್ಲೆ!" ಆ ಸಾರನ್ನು ಮೂವತ್ತೈದು ವರ್ಷದಿಂದ ಮಾಡುತ್ತಿದ್ದವರು ಅವರೇ.

ಅವರೇನು ಸನ್ಯಾಸಿನಿಯಾಗಲಿಲ್ಲ. ದೀಪಾವಳಿಗೆ ನಾನು ತಂದ ಮೈಸೂರುಪಾಕನ್ನು ಅಡುಗೆಮನೆಯ ಕತ್ತಲಲ್ಲಿ ತಿನ್ನುತ್ತಿದ್ದಾಗ ಸಿಕ್ಕಿಬಿದ್ದು, "ನೀನು ನೋಡ್ಲಿಲ್ಲೆ, ನಾನು ತಿನ್ಲಿಲ್ಲೆ," ಎಂದವರು ಅವರೇ. ಓಣಿಯ ಹೆಂಗಸರಿಗೆಲ್ಲ ಉಪದೇಶ ಮಾಡುವ ಚಟವೂ ಹತ್ತಿತು. ಹಾದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಅಂಗಾಲು ತೋರಿಸು ಎನ್ನುತ್ತಿದ್ದರು. ಒಬ್ಬಾಕೆ ಅವರನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದಳು.

ಆ ವರ್ಷವೇ ನನ್ನದು ಶುರುವಾಯಿತು. ಬೆಳಿಗ್ಗೆ ತಿರುಪ್ಪೂರಿನ ಬಸ್ಸಿನಲ್ಲಿ ನಿಂತಿದ್ದಾಗ ಎದೆ ಡವಡವ ಹೊಡೆದುಕೊಂಡು, ಕೈ ತಣ್ಣಗಾಗಿ, ಸತ್ತೇಹೋಗುತ್ತೇನೆ ಅನ್ನಿಸಿತು. ದಾರಿ ಮಧ್ಯದಲ್ಲೇ ಇಳಿದುಬಿಟ್ಟೆ. ಎದೆಯ ಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತು. ಟೆನ್ಷನ್, ನಿದ್ದೆ ಮಾಡಿ, ಫೋನ್ ಕಡಿಮೆ ಮಾಡಿ ಎಂದರು. ಫೋನ್ ಕಡಿಮೆ ಮಾಡಿದರೆ ನನ್ನ ಕೆಲಸವೇ ಇರುವುದಿಲ್ಲ. ಒಂದು ಕೈಯಲ್ಲಿ ದೋಸೆ, ಇನ್ನೊಂದು ಕೈಯಲ್ಲಿ ಫೋನ್, ಹೀಗೆ ನನ್ನ ಊಟ.

"ನೀನೂ ನಿಂತೇ ಉಣ್ತೀಯಾ," ಎಂದರು ಅಕ್ಕ.

"ಕೂತಿದ್ದೀನಲ್ಲ ಅಕ್ಕ."

"ಕುಂಡಿ ಕೂತದೆ. ಮಿಕ್ಕದ್ದೆಲ್ಲ ತಿರುಪ್ಪೂರಲ್ಲಿ ನಿಂತದೆ."

ಅವತ್ತು ನಗು ಬಂತು. ಎರಡು ದಿನ ಬಿಟ್ಟು ಊಟಕ್ಕೆ ಕರೆದು, ನಾನು ಕೈ ತೊಳೆಯಲು ಹೋದಾಗ ನನ್ನ ಫೋನನ್ನು ಅಕ್ಕಿಯ ಡಬ್ಬದೊಳಗೆ ಹೂತು ಮುಚ್ಚಳ ಹಾಕಿದ್ದರು. "ಉಂಡ ಮೇಲೆ ಕೊಡ್ತೀನಿ." ಅರ್ಧ ಗಂಟೆ. ಅಷ್ಟರಲ್ಲೇ ಗಿರಾಕಿಯೊಬ್ಬ ಬಟ್ಟೆಯ ಬಣ್ಣವೊಂದಕ್ಕೆ ಒಪ್ಪಿಗೆ ಕೇಳಿ, ಉತ್ತರ ಸಿಗದೆ, ನನ್ನ ಮ್ಯಾನೇಜರನ್ನೇ ಹಿಡಿದಿದ್ದ. ಡಬ್ಬದಿಂದ ತೆಗೆದ ಫೋನಿನಲ್ಲಿ ಹದಿನೇಳು ಕರೆಗಳಿದ್ದವು.

"ನಿಮಗೇನು ಗೊತ್ತಾಗುತ್ತೆ ಅಕ್ಕ? ನಿಮ್ಮದು ಒಂದು ಬೆರಳು ಹೋಯಿತು, ನನ್ನದು ಕೆಲಸವೇ ಹೋಗುತ್ತೆ! ಊರಿಗೆಲ್ಲ ಉಪದೇಶ ಮಾಡೋಕೆ ನೀವೇನು ಡಾಕ್ಟರಾ?"

ಅಂದುಬಿಟ್ಟೆ. ಅಕ್ಕ ಡಬ್ಬದ ಮುಚ್ಚಳ ಹಿಡಿದುಕೊಂಡು ಹಾಗೇ ನಿಂತಿದ್ದರು. ನಾನು ಮೇಲೆ ಹೋದೆ. ಒಂದು ವಾರ ಅವರಿದ್ದ ಕಡೆ ನೋಡದೆ ಓಡಾಡಿದೆ. ಕೆಲಸ ಹೋಗಲಿಲ್ಲ. ಎದೆ ಮಾತ್ರ ಬಸ್ಸಿನಲ್ಲಿ ಇನ್ನೂ ಎರಡು ಸಲ ಹೊಡೆದುಕೊಂಡಿತು.

ಮುಂದಿನ ಭಾನುವಾರ ಮೆಟ್ಟಿಲಲ್ಲಿ ಚಪ್ಪಲಿ ಸದ್ದು. ಅಕ್ಕ ಬಂದು ನನ್ನ ಬಾಗಿಲಲ್ಲಿ ಕೂತರು. ಏದುಸಿರು ಬಿಡುತ್ತಿದ್ದರು.

"ನಾನು ಮಾಡಿದ್ದು ತಪ್ಪು ಕಣ್ಣು," ಎಂದರು. "ನನ್ನ ತರೀನ ನಾನೇ ನಿಲ್ಲಿಸ್ದೆ. ಬೇರೆ ಯಾರಾದ್ರೂ ನಿಲ್ಲಿಸಿದ್ರೆ ಅವರ ಕೈ ಮುರೀತಿದ್ದೆ. ನಿಂದೂ ಹಂಗೇ ಅಲ್ವಾ? ನೀನೇ ನಿಲ್ಲಿಸ್ಬೇಕು. ಇಲ್ಲ, ಬಿಡ್ಬೇಕು. ನಾನ್ಯಾರು?"

ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವರು ಕೇಳಿಸಿಕೊಳ್ಳದೆ, "ಅಂಗಾಲು ತೋರ್ಸು," ಎಂದರು. ಅದೇ ಕ್ಷಮೆ.

ಮಧ್ಯಾಹ್ನ ಇಪ್ಪತ್ತು ನಿಮಿಷ ಫೋನನ್ನು ಮೇಜಿನ ಡ್ರಾಯರಿನಲ್ಲಿ ಇಡುವುದನ್ನು ನಾನು ಶುರುಮಾಡಿದ್ದು ಅದಾಗಿ ಒಂದು ತಿಂಗಳ ಮೇಲೆ. ಮ್ಯಾನೇಜರಿಗೆ ಮೊದಲೇ ಹೇಳಿದೆ. ಅವರಿಗೆ ಇಷ್ಟವಾಗಲಿಲ್ಲ. ಮೊದಲ ದಿನ ಡ್ರಾಯರಿನೊಳಗೆ ಅದು ಗುಂಯ್ ಅನ್ನುವಾಗ ನನ್ನ ಮೊಣಕಾಲೂ ನಡುಗಿತು. ಸಂಜೆ ಹೇಳಿದರೆ ಅಕ್ಕನಿಗೆ ಎಲ್ಲಿಲ್ಲದ ಸಂತೋಷ. "ನಡುಗ್ತಾ? ನಿಜವಾಗ್ಲೂ? ಹಂಗಾದ್ರೆ ಸರಿ ಹೋಗ್ತದೆ!" ಪೂರ್ತಿ ಸರಿಹೋಯಿತೆಂದು ಹೇಳಲಾರೆ. ಆದರೆ ಬಸ್ಸಿನಿಂದ ಮಧ್ಯದಲ್ಲಿ ಇಳಿಯುವುದು ನಿಂತಿತು. ಮುಂದೆ ಕೊಯಮತ್ತೂರಿನಲ್ಲಿ ಬೇರೆ ಕೆಲಸ ಸಿಕ್ಕಿ ಸಿಂಗಾನಲ್ಲೂರಿಗೆ ಬಂದೆ. ತಿಂಗಳಿಗೊಮ್ಮೆಯಾದರೂ ಪಲ್ಲಡಂಗೆ ಹೋಗುತ್ತಿದ್ದೆ. ಕೊನೆಯ ನಾಲ್ಕು ತಿಂಗಳು ಹೋಗಲಾಗಲಿಲ್ಲ. ಕೆಲಸ ಎಂದು ನೆಪ ಹೇಳಿಕೊಳ್ಳುತ್ತೇನೆ.

ಅವರು ಹೋದ ಮೇಲೆ ನನಗೆ ಬಂದದ್ದು ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು. ಇಷ್ಟೆಲ್ಲ ಮಾಡಿದರಲ್ಲ, ಇಷ್ಟು ಕಾದರಲ್ಲ ಆ ಕಾಲನ್ನು, ಎದೆ ಯಾರನ್ನೂ ಕೇಳದೆ ನಿಂತುಹೋಯಿತಲ್ಲ. ಹಾಗಾದರೆ ಇದೆಲ್ಲ ಯಾತಕ್ಕೆ? ಈ ಪ್ರಶ್ನೆ ಹಿಡಿದುಕೊಂಡೇ ಕಳೆದ ಭಾನುವಾರ ಪಲ್ಲಡಂಗೆ ಹೋದೆ. ಮಣ್ಣು ಮಾಡಿದ ದಿನ ಹೋಗಿದ್ದಾಗ ಅಣ್ಣನ ಜೊತೆ ಮಾತಾಡಲು ಆಗಿರಲಿಲ್ಲ.

ಅಣ್ಣ ಇಳಿದುಹೋಗಿದ್ದರು. "ಉಂಡು ಹೋಗು," ಎಂದರು. ಅನ್ನ, ಬೇಳೆ ಸಾರು ತಾವೇ ಮಾಡಿದ್ದರು. ಸಾರಿಗೆ ಉಪ್ಪು ಹೆಚ್ಚಾಗಿತ್ತು. ನನಗೆ ಬಡಿಸಿ, ತಮಗೂ ಒಂದು ತಟ್ಟೆ ಹಾಕಿಕೊಂಡು ಎದುರಿಗೆ ಕೂತರು. ಆ ಮನೆಯಲ್ಲಿ ಅವರು ನನ್ನೆದುರು ಊಟಕ್ಕೆ ಕೂತದ್ದು ಅದೇ ಮೊದಲು.

"ಒಂದು ಕೇಳ್ಲಾ ಕಣ್ಣು?" ಎಂದರು. "ಐದು ವರ್ಷ ದಿನಾ ಅವಳು ಇಲ್ಲಿ ಕೂತಳು. ನಾನು ಒಂದು ದಿನಾನೂ ಕೂರ್ಲಿಲ್ಲೆ. ಮೊದ್ಲು ಕೋಪ. ಆಮೇಲೆ ಕೋಪ ಹೋಯ್ತು, ನಾಚಿಕೆ ಆಯ್ತು. ಈಗ ಹೆಂಗೆ ಹೋಗಿ ಕೂರೋದು ಅಂತ. ನೀನು ಕೂರ್ತಿದ್ಯಲ್ಲ, ಭಾನುವಾರ. ಅವಳು ಏನು ಮಾತಾಡ್ತಿದ್ದಳು?"

ನಾನು ಏನಾದರೂ ಸಿಹಿಯಾದ ಸುಳ್ಳು ಹುಡುಕಿದೆ. ಸಿಗಲಿಲ್ಲ.

"ನಿಮ್ಮನ್ನ ಬೈತಿದ್ರು ಅಣ್ಣ."

ಅವರು ತುತ್ತನ್ನು ಹಾಗೇ ಹಿಡಿದು ನನ್ನನ್ನೇ ನೋಡಿದರು. ಆಮೇಲೆ ಗಂಟಲೊಳಗಿಂದ ನಗು ಬಂತು, ಕೆಮ್ಮಿನ ಹಾಗೆ.

"ಏನಂತ?"

"ಮದುವೆಯಾದ ಹೊಸದರಲ್ಲಿ ಸಿನಿಮಾಕ್ಕೆ ಕರಕೊಂಡು ಹೋಗಿ, ನೀವು ನಿದ್ದೆ ಮಾಡಿಬಿಟ್ಟಿರಂತೆ."

"ಸುಳ್ಳು! ಅವಳೇ ಮಲಗಿದ್ದು. ನನ್ನ ಹೆಗಲ ಮೇಲೆ. ಎಬ್ಬಿಸ್ಬಾರ್ದು ಅಂತ ನಾನು ಅಲ್ಲಾಡ್ದೇ ಕೂತಿದ್ದೆ." ಎಡಗೈಯ ಹಿಂಭಾಗದಿಂದ ಮೂಗು ಒರೆಸಿಕೊಂಡು, ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು.

"ಆಮೇಲೆ?" ಎಂದರು. "ಇನ್ನೂ ಏನೇನು ಬೈದಳು, ಒಂದೂ ಬಿಡ್ದೆ ಹೇಳು."